ಶನಿವಾರವನ್ನೂ ನಿಷೇಧಿಸಿಬಿಡಿ, ಸ್ವಾಮಿ!

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಪಾನನಿಷೇಧ ಸಭೆಗಳಲ್ಲಿ ಅಂಕಿಅಂಶದ ಹಾಳೆ ಬೀಸುವ ಮಹನೀಯರಿಗೆ,



ಜಿಲ್ಲೆಯಲ್ಲಿ ಟಾಸ್ಮಾಕ್, ಅಂದರೆ ತಮಿಳುನಾಡು ಸರ್ಕಾರದ ಮದ್ಯದಂಗಡಿಗಳಿವೆ, ಜಿಲ್ಲೆಯಲ್ಲಿ ಅಪರಾಧಗಳೂ ಇವೆ, ಆದ್ದರಿಂದ ಅಪರಾಧಕ್ಕೆಲ್ಲ ಟಾಸ್ಮಾಕೇ ಮೂಲ ಎಂಬ ತಮ್ಮ ಸಂಶೋಧನೆಗೆ ತಲೆದೂಗಿದ್ದೇನೆ. ಇಷ್ಟು ಒಳ್ಳೆಯ ಸೂತ್ರವನ್ನು ಮದ್ಯಕ್ಕೊಂದಕ್ಕೇ ಮೀಸಲಿಡುವುದು ಅನ್ಯಾಯ. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಪೀಸ್ ರೇಟಿನವರಿಗೆ ಶನಿವಾರ ಬಟವಾಡೆ. ಶನಿವಾರ ರಾತ್ರಿ ಜಗಳ ಜಾಸ್ತಿ ಎನ್ನುವವರೂ ನೀವೇ. ಹಾಗಿದ್ದರೆ ಶನಿವಾರವನ್ನೇ ತೆಗೆದುಹಾಕಿ; ಶುಕ್ರವಾರ ಮುಗಿದರೆ ಭಾನುವಾರ. ಕೊಯಮತ್ತೂರಿನಲ್ಲಿ ಸರಗಳ್ಳರು ಬರುವುದು ಬೈಕಿನಲ್ಲಿ. ಬೈಕ್ ನಿಷೇಧಿಸಿ. ಅದು ಕಷ್ಟವೆನಿಸಿದರೆ ಸರ ನಿಷೇಧಿಸಿ.

ಇನ್ನು ನಿಮ್ಮ ಹಾಳೆಯ ಅಂಕಿ ಹುಟ್ಟುವ ಬಗೆ ನೋಡೋಣ. ಸರ್ಕಾರಿ ಅಂಗಡಿ ತೆರೆಯುವುದು ಮಧ್ಯಾಹ್ನ 12ಕ್ಕೆ. ಬೆಳಿಗ್ಗೆ ಪೆಟ್ಟಿಗೆ ಅಂಗಡಿಯ ಹಿಂದೆ ಕ್ವಾರ್ಟರ್ ಮಾರುವವನು ಸಿಕ್ಕಿಬಿದ್ದರೆ ಅದು ಅಪರಾಧ. ಅದೇ ಕ್ವಾರ್ಟರ್ ಮಧ್ಯಾಹ್ನ ಕೌಂಟರಿನಲ್ಲಿ ಹೋದರೆ ರಾಜ್ಯದ ಆದಾಯ. ಕೇಸು ಬೀಳುವುದು 1937ರ ಪಾನನಿಷೇಧ ಕಾಯ್ದೆಯಡಿ. 2003ರಿಂದ ಚಿಲ್ಲರೆ ಮಾರಾಟವನ್ನೆಲ್ಲ ತಾನೇ ವಹಿಸಿಕೊಂಡ ಸರ್ಕಾರ ಕಾಯ್ದೆಯ ಆ ಹೆಸರನ್ನು ಇನ್ನೂ ಭಕ್ತಿಯಿಂದ ಕಾಪಾಡಿಕೊಂಡಿದೆ! ದಾಳಿ ಹೆಚ್ಚಿದ ತಿಂಗಳು ಕೇಸೂ ಹೆಚ್ಚು. ನೀವು ಅದನ್ನು ‘ಅಪರಾಧ ಏರಿತು’ ಎಂದು ಓದುತ್ತೀರಿ. ಪೊಲೀಸರಿಗೆ ಒಂದು ತಿಂಗಳು ರಜೆ ಕೊಡಿ, ಎರಡೂ ಜಿಲ್ಲೆ ರಾಮರಾಜ್ಯವಾಗುತ್ತವೆ. ಪೂರ್ತಿ ನಿಷೇಧ ತಂದರೋ, ಪ್ರತಿ ಬಾಟಲಿಯೂ ಒಂದು ಕೇಸು. 2016ರಲ್ಲಿ ನಿಷೇಧ ತಂದ ಬಿಹಾರದಲ್ಲಿ ಕೇಸುಗಳು ಲಕ್ಷಗಟ್ಟಲೆ. ನಿಮ್ಮ ಸೂತ್ರದ ಪ್ರಕಾರ ಅಲ್ಲಿ ಮೊದಲು ನಿಷೇಧಿಸಬೇಕಾದ್ದು ನಿಷೇಧವನ್ನೇ.

ಕುಡಿತ ಮನೆ ಮುರಿಯುವುದಿಲ್ಲ ಎಂದು ಯಾರು ಹೇಳಿದರು? ಅದನ್ನು ಬಲ್ಲವರು ಹೆಂಗಸರು. ಸುಪ್ರೀಂ ಕೋರ್ಟ್ ಆದೇಶದಿಂದ ಹೆದ್ದಾರಿಯಂಚಿನ ಅಂಗಡಿಗಳು ಎದ್ದು ಊರೊಳಗೆ ಜಾಗ ಹುಡುಕುತ್ತಿದ್ದ ಕಾಲ. 2017ರ ಏಪ್ರಿಲ್‌ನಲ್ಲಿ ತಿರುಪ್ಪೂರು ಜಿಲ್ಲೆಯ ಸಾಮಳಾಪುರದ ಹೆಂಗಸರು ರಸ್ತೆಗಿಳಿದರು. ಅವರ ಕೈಯಲ್ಲಿ ಗ್ರಾಫ್ ಇರಲಿಲ್ಲ; ಇಲ್ಲಿ ಅಂಗಡಿ ಬೇಡ ಎಂದರು, ಅಷ್ಟೇ. ಪೊಲೀಸ್ ಅಧಿಕಾರಿಯೊಬ್ಬರು ಒಬ್ಬ ಹೆಂಗಸಿನ ಕೆನ್ನೆಗೆ ಬಾರಿಸಿದ್ದನ್ನು ದೇಶವೆಲ್ಲ ವಿಡಿಯೋದಲ್ಲಿ ನೋಡಿತು. ಆ ಏಟು ನಿಮ್ಮ ಹಾಳೆಯ ಯಾವ ಕಾಲಮ್ಮಿನಲ್ಲಿದೆ?

ರಾತ್ರಿ ಗಂಡನಿಂದ ಏಟು ತಿಂದು ಬೆಳಿಗ್ಗೆ ಓವರ್‌ಲಾಕ್ ಮಷೀನಿನ ಮುಂದೆ ಕೂರುವವಳು ಠಾಣೆಗೆ ಹೋಗುವುದು ಅಪರೂಪ. ಹೋದರೂ ರಾಜಿ ಮಾಡಿಸಿ ಮನೆಗೆ ಕಳಿಸುವುದೇ ಹೆಚ್ಚು. ಬೆಳಗಿನ ಕ್ವಾರ್ಟರ್ ಲೆಕ್ಕಕ್ಕೆ ಬಂತು, ಅವಳು ಬರಲಿಲ್ಲ. ನೀವು ಉಬ್ಬಿಸಿದ ಅಂಕಿಯನ್ನು ಸರ್ಕಾರದ ಯಾವ ಗುಮಾಸ್ತನಾದರೂ ಚಹಾ ಆರುವುದರೊಳಗೆ ಒಡೆದುಹಾಕುತ್ತಾನೆ. ಆಮೇಲೆ ನಿಮ್ಮ ಸುಳ್ಳಿನ ಜೊತೆ ಅವಳ ನಿಜವನ್ನೂ ಕಸದ ಬುಟ್ಟಿಗೆ ಹಾಕುವುದು ಅವನಿಗೆ ಸುಲಭ.

ಆದ್ದರಿಂದ ಮುಂದಿನ ಸಭೆಯಲ್ಲಿ ಮೈಕನ್ನು ಅವಳ ಕೈಗೆ ಕೊಡಿ. ತಾವು ಕೆಳಗೆ ಕೂತು ಬರೆದುಕೊಳ್ಳಿ.

ಇಂತಿ ತಮ್ಮ ವಿಶ್ವಾಸಿ,
ಗಣಿತದಲ್ಲಿ ಮೂವತ್ತೈದೇ ಬಂದವನು