ಚಕ್ರಭ್ರಮಣ ಮೀಮಾಂಸೆ: ಚೆಂಬೂರು ಪಾಠ

ರಾತ್ರಿ ಎರಡು ಗಂಟೆ. ಊರಿನ ಗದ್ದೆಯಲ್ಲಿ ದೇವಿ ಮಹಾತ್ಮೆ ಯಕ್ಷಗಾನ ಆಟ. ಅದರ ನೇರಪ್ರಸಾರ ಮುಂಬಯಿಯ ಚೆಂಬೂರು ಛೆಡ್ಡಾನಗರದ ನಮ್ಮ ಕಂಪ್ಯೂಟರಿನಲ್ಲಿ. ಮಹಿಷಾಸುರ ದೊಂದಿ ಬೆಳಕಿನಲ್ಲಿ ಸಭೆಯ ನಡುವಿನಿಂದ ನುಗ್ಗಿ ಬರುವ ಹೊತ್ತಿಗೆ ಸರಿಯಾಗಿ ಪರದೆಯ ಮಧ್ಯೆ ಒಂದು ಬಿಳಿ ಚಕ್ರ ಪ್ರವೇಶಿಸಿ ಧಿಗಿಣ ಹಾರತೊಡಗುತ್ತದೆ. ಪ್ರಸಂಗಪಟ್ಟಿಯಲ್ಲಿ ಇಲ್ಲದ ಈ ಪಾತ್ರದ ಕುಲಗೋತ್ರ ಶೋಧನೆಯೇ ಪ್ರಸ್ತುತ ಗ್ರಂಥದ ಉದ್ದೇಶ.

ಪೂರ್ವಪಕ್ಷಗಳು ಮೂರು. ಅತ್ತೆಯವರದು ದೃಷ್ಟಿವಾದ: ಇಷ್ಟು ಜನ ಒಟ್ಟಿಗೆ ಕೂತು ನೋಡಿದರೆ ದೃಷ್ಟಿ ತಾಗದೆ ಇದ್ದೀತೇ? ಬಾವನದು ಪುನರ್ಜನ್ಮವಾದ: "ಒಮ್ಮೆ ಬಂದ್ ಮಾಡಿ ಚಾಲೂ ಮಾಡು ಮಾರಾಯಾ." ರೌಟರು, ಮಿಕ್ಸಿ, ನೀರಿನ ಪಂಪು, ಸಕಲ ಜೀವಿಗಳಿಗೂ ಇದು ಅನ್ವಯ. (ಆಗಾಗ ಫಲಿಸುತ್ತದೆ ಎಂಬುದೇ ಈ ಪಂಥದ ಅಪಾಯ.) ಮೂರನೆಯದು ಇಂಟರ್‌ನೆಟ್ ಹುಡುಗನ ದ್ರವ್ಯವಾದ: "ದೊಡ್ಡ ಪ್ಲಾನ್ ಹಾಕಿಸಿ ಅಂಕಲ್."

ಸಿದ್ಧಾಂತಿಯ ಮತದಲ್ಲಿ ದೋಷ ಒಂದಲ್ಲ, ಎರಡು: ಸ್ತಂಭನ ಮತ್ತು ಲಂಘನ. ಚಿತ್ರ ನಿಂತು ಚಕ್ರ ತಿರುಗಿದರೆ ಸ್ತಂಭನ. ಚೆಂಡೆ ಸರಿಯಾಗಿ ಕೇಳುತ್ತ ಕುಣಿತ ಮಾತ್ರ ಹಾರಿಹಾರಿ ಬಂದರೆ ಲಂಘನ. ವಿಡಿಯೋ ಹೊಳೆಯಂತೆ ಹರಿದು ಬರುವುದಿಲ್ಲ. ಕೆಲವೇ ಸೆಕೆಂಡುಗಳ ತುಂಡುಗಳಾಗಿ ಬರುತ್ತದೆ. ಅವನ್ನು ಮೊದಲೇ ಕೂಡಿಡುವ ಉಗ್ರಾಣವೇ ಬಫರ್. ಉಗ್ರಾಣ ಬರಿದಾದರೆ ಪಂಕ್ತಿಯವರು ಖಾಲಿ ಎಲೆ ನೋಡುತ್ತ ಕೂರಬೇಕು. ಲಂಘನದಲ್ಲಾದರೋ ಉಗ್ರಾಣ ತುಂಬಿದೆ, ಅಡುಗೆಯವನಿಗೆ ವಯಸ್ಸಾಗಿದೆ: ಒತ್ತಿ ಕಟ್ಟಿದ ಚಿತ್ರವನ್ನು ಬಿಡಿಸಲಾಗದೆ ಪ್ರೊಸೆಸರು ನಡುನಡುವೆ ಫ್ರೇಮು ಬಿಸಾಡುತ್ತದೆ. ಸಂಶಯವಿದ್ದವರು ಯೂಟ್ಯೂಬಿನಲ್ಲಿ ಮೌಸಿನ ಬಲಗುಂಡಿ ಒತ್ತಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆರೆಯಲಿ. ಬಿಸಾಡಿದ್ದರ ಲೆಕ್ಕ ಅಲ್ಲಿದೆ.

ಸ್ತಂಭನಕ್ಕೆ ಸ್ಥಳಪುರಾಣವೂ ಉಂಟು. ಸ್ವತಂತ್ರ ಭಾರತದ ಮೊದಲ ಮೊನೊರೈಲು 2014ರಲ್ಲಿ ಓಡತೊಡಗಿದ್ದು ನಮ್ಮ ಚೆಂಬೂರಿನಲ್ಲೇ. 2025ರ ಆಗಸ್ಟ್ 19ರ ಮಳೆಯಲ್ಲಿ, 104 ಟನ್ ಮೀರಬಾರದ ಗಾಡಿ ಜನ ತುಂಬಿ 109 ಟನ್ ತೂಗಿ, ಕರೆಂಟಿನ ಸಂಪರ್ಕ ತಪ್ಪಿ, ಮೈಸೂರು ಕಾಲೊನಿ ನಿಲ್ದಾಣದ ಹತ್ತಿರ ಅಂತರಿಕ್ಷದಲ್ಲೇ ನಿಂತಿತು. ಮೈಸೂರು ಅಲ್ಲೇ ಇದೆ, ತಲುಪಲಾಗದು! ಸ್ತಂಭನದ ಲಕ್ಷಣವನ್ನು ಭಾಷ್ಯಕಾರರೂ ಇಷ್ಟು ಚೊಕ್ಕವಾಗಿ ಹೇಳಿಲ್ಲ. (ಅಗ್ನಿಶಾಮಕದವರು ಇಳಿಸುವ ತನಕ ಒಳಗೆ ಬೆವರಿದವರು ಈ ರಸಾಸ್ವಾದಕ್ಕೆ ಒಪ್ಪಲಾರರು.)

ನಮ್ಮ ಬಿಲ್ಡಿಂಗಿನ 2.4 ಗಿಗಾಹರ್ಟ್ಸ್ ವೈಫೈ ಗತಿಯೂ ಇದೇ. ಒಂದರ ಮೈಮೇಲೆ ಇನ್ನೊಂದು ಬೀಳದ ಚಾನೆಲ್‌ಗಳು 1, 6, 11, ಮೂರೇ ಮೂರು, ಮನೆಗಳು ಮೂವತ್ತು. ಮೈಕ್ರೋವೇವಿನಲ್ಲಿ ಯಾರಾದರೂ ಹಾಲು ಬಿಸಿಗಿಟ್ಟರೆ ಅದೂ ಇದೇ ಬಾಗಿಲಲ್ಲಿ ನುಗ್ಗುತ್ತದೆ. ದೊಡ್ಡ ಪ್ಲಾನಿನಿಂದ ಈ ಬಾಗಿಲು ಅಗಲವಾಗುವುದಿಲ್ಲವೆಂದು ದ್ರವ್ಯವಾದದ ಖಂಡನೆ.

ಚಿಕಿತ್ಸೆ: ಸ್ತಂಭನಕ್ಕೆ ಲ್ಯಾನ್ ಕೇಬಲ್, ಅದಿಲ್ಲದಿದ್ದರೆ 5 ಗಿಗಾಹರ್ಟ್ಸ್; ಅದು ಗೋಡೆ ಕಂಡರೆ ಹೆದರುವ ಜಾತಿಯಾದ್ದರಿಂದ ರೌಟರು ಅದೇ ಕೋಣೆಯಲ್ಲಿರಬೇಕು. ಲಂಘನಕ್ಕೆ ಬ್ರೌಸರಿನ ಹಾರ್ಡ್‌ವೇರ್ ಆಕ್ಸೆಲರೇಶನ್ ಚಾಲೂ ಮಾಡುವುದು, ತೆರೆದಿಟ್ಟ ನಲವತ್ತು ಟ್ಯಾಬುಗಳನ್ನು ಮುಚ್ಚುವುದು. 1080ರಿಂದ 480ಕ್ಕೆ ಇಳಿದರೆ ಎರಡೂ ತಗ್ಗುತ್ತವೆ. ಆದರೆ ನಮ್ಮ ಮನೆಯಲ್ಲಿ ಮಸುಕು ಮಹಿಷಾಸುರನಿಗೆ ಮರ್ಯಾದೆಯಿಲ್ಲ.

ಕೊನೆಗೆ ಪಡಸಾಲೆಯುದ್ದಕ್ಕೂ ಕೇಬಲ್ ಎಳೆದೆ. ಚಕ್ರ ಮಾಯ. ದೇವಿ ತ್ರಿಶೂಲ ಎತ್ತಿದ್ದಳಷ್ಟೆ, ಇದೇ ಆಟ ನೋಡುತ್ತಿದ್ದ ಮೇಲಿನ ಮನೆಯ ಬಾಲ್ಕನಿಯಿಂದ "ಸತ್ತ, ಸತ್ತ!" ಎಂಬ ಕೂಗು. ನೇರಪ್ರಸಾರದಲ್ಲಿ ಉಗ್ರಾಣ ದೊಡ್ಡದಾದಷ್ಟೂ ಊಟ ತಡ ಎಂದು ನಾನು ವಿವರಿಸಲು ಬಾಯಿ ತೆರೆದೆ. ಅತ್ತೆಯವರು ಮಹಿಷಾಸುರನನ್ನು ಬಿಟ್ಟು ನನ್ನನ್ನೇ ದಿಟ್ಟಿಸಿದರು. ಚಕ್ರ ಮತ್ತೆ ಬಂತು.