ರಜೆ ಬೇಡ, ಕ್ಲಾಸ್ ಬೇಡ

ಪಾವಗಡ ತಾಲ್ಲೂಕಿನ ಆರೋಗ್ಯ ಕೇಂದ್ರ. ಸಿಸ್ಟರ್ ಫೋನು ಬಡಕೊಳ್ಳುತ್ತದೆ.

“ಮೇಡಂ, ಮನೇಲೇ ಕೂತು ಎಂಎಸ್ಸಿ ಕ್ಲಿನಿಕಲ್ ನ್ಯೂಟ್ರಿಷನ್! ರಜೆ ಬೇಡ, ಕ್ಲಾಸ್ ಬೇಡ.”

“ರೋಗಿ?”

“ಅವರೂ ಬೇಡ!”

“2025ರ ಜುಲೈ ಅಡ್ಮಿಷನ್ನಿಂದಲೇ ಯುಜಿಸಿ ಇಂಥವನ್ನ ಆನ್‌ಲೈನಲ್ಲಿ ನಿಲ್ಲಿಸಿಲ್ವೇನಪ್ಪ?”

“ನಿಮಗೆ 2024ರ ತಾರೀಖೇ ಹಾಕಿಸ್ತೀವಿ.” (ಪಾಪ, ಅವನಿಗೂ ಟಾರ್ಗೆಟ್ ಇರುತ್ತದೆ.)

“ಹಂಗಾದ್ರೆ ಅರ್ಧ ಕೋರ್ಸ್ ಆಗ್ಲೇ ಮುಗಿಸಿರ್ತೀನಿ ಅನ್ನು.”

“ಬೇಕಾದ್ರೆ ಪೂರ್ತಿ ಮುಗಿಸೋ ಪ್ಯಾಕೇಜೂ ಇದೆ.”

“ಇಲ್ಲಿ ನೆಟ್‌ವರ್ಕೇ ಸಿಗಲ್ಲ.”

“ತಿರುಮಣೀಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆಯಲ್ಲ ಮೇಡಂ!”

“ಅದು ಕರೆಂಟು ಕಣಪ್ಪ. ಸಿಗ್ನಲ್ಲಿಗೆ ಕಿಟಕಿ ಸರಳಿನ ಹತ್ರ ಸ್ಪೀಕರ್ ಹಾಕಿ ನಿಂತಿದೀನಿ. ಪ್ರಾಕ್ಟಿಕಲ್?”

“ವಿಡಿಯೋ ನೋಡಿದ್ರೆ ಆಯ್ತು.”

“ಬಿಪಿ ಪಟ್ಟಿ ಬಿಗಿದು ಬಿಟ್ಟುಬಂದಿದೀನಿ, ಅಜ್ಜಿ ಕೈ ಜೋಮು ಹಿಡೀತಿದೆ. ಇಡ್ತೀನಿ.”

“ಒಂದೇ ಸೀಟು ಉಳಿದಿರೋದು!”

“ಅಜ್ಜಿ ಕೇಳ್ತಿದಾರೆ, ಮಧುಗಿರಿ ಬಸ್ಸಲ್ಲಾ?”