ಕಂಬಳಿಗೆ ಮಣಿಪಾಲದಲ್ಲಿ ಚಳಿ

ಮಣಿಪಾಲದ ಆ ‘ಲೋಕಲ್ ಉಣ್ಣೆ’ ಸ್ವೆಟರ್ ಪ್ರದರ್ಶನಕ್ಕೆ ನೀವೂ ಹೋಗಿ ಬಂದಿರುತ್ತೀರಿ. ರೇಟು ನೋಡಿ ಎ.ಸಿ.ಯಲ್ಲೂ ಬೆವರಿರುತ್ತೀರಿ. ಕಾಪುವಿನಿಂದ ಕಾರ್ಕಳದವರೆಗೆ ಹುಡುಕಿದರೂ ಕುರಿಮಂದೆ ಕಾಣದ ನಮ್ಮೂರಿಗೆ ಈ ಲೋಕಲ್ ಎಲ್ಲಿಂದ ಬಂತು? ಸ್ವೆಟರ್ ತೊಟ್ಟ ಗೊಂಬೆಯ ಕಾಲಬುಡದಲ್ಲಿ ಚಂದಕ್ಕೆಂದು ಹಾಸಿದ್ದ ಚಳ್ಳಕೆರೆಯ ಕರಿ ಕಂಬಳಿಯನ್ನೇ ಕೇಳಿದೆ.

ನಾನು: ನಮಸ್ಕಾರ ಕಂಬಳಿಯವರೇ. ನಿಮಗೂ ನಮ್ಮ ಕಂಬಳಕ್ಕೂ ಏನಾದರೂ ಸಂಬಂಧ ಉಂಟಾ?

ಕಂಬಳಿ: ಒಂದು ಗುಡಿಸು ಅಡ್ಡ ಐತೆ, ಅಷ್ಟೇ ಸ್ವಾಮಿ. ಮೊದಲು ನನ್ನ ಮಾತು ಕೇಳಿ. ಬೆಳಗಿಂದ ಬಂದೋರೆಲ್ಲ ಒಂದು ಬೆರಳಲ್ಲಿ ಮುಟ್ಟಿ ‘ಇಶ್ಶೀ, ಚುಚ್ತದೆ’ ಅಂತಾರೆ. ಚುಚ್ಚದೆ ಇನ್ನೇನು? ಎಳೆ 30 ಮೈಕ್ರಾನ್ ದಾಟಿದ್ರೆ ಚರ್ಮಕ್ಕೆ ಗೊತ್ತಾಯ್ತದೆ. ಮೆರಿನೋ 20ರ ಆಸುಪಾಸು. ನಾನು ಡೆಕ್ಕನಿ ಕುರಿ ಮಗಳು, ಅದಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ದಪ್ಪ. ನನ್ನನ್ನ ಬನಿಯನ್ ಮಾಡ್ಕಳಿ ಅಂತ ಯಾರಂದ್ರು? ಹೆಂಗಸರು ನೂತು, ಗಂಡಸರು ಕುಣಿ ಮಗ್ಗದಾಗೆ ನೇಯ್ದು, ಹುಣಸೆಬೀಜದ ಸರಿ ಬಳಿದು ಬಿಗಿ ಮಾಡ್ತಾರೆ. ಕುರಿ ಕಾಯೋನಿಗೆ ರಾತ್ರಿ ಹಾಸಿಗೆ, ಮಳೆಗೆ ಕೊಪ್ಪೆ...

ನಾನು: ಮಳೆಗೆ ನಮ್ಮಲ್ಲಿ ಗೊರಬು ಮಾರಾಯ್ರೆ. ಅದಿರಲಿ, 2020ರ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ...

ಕಂಬಳಿ: ಓಡ್ಲಿ ಬಿಡಿ. ಕಂಬಳೀಲಿ ಬುತ್ತಿ ಕಟ್ಕಂಡು ಕೂದಲು ಸಿಕ್ತು ಅಂತ ಅಳೋ ಜನ!

ನಾನು: ಪಾಣಿಪತ್ತಿನ ಮಿಲ್ ರಗ್ಗು ನಿಮ್ಮ ಮಾರ್ಕೆಟ್ ತಿಂದಿತಲ್ಲ? ವೇದಿಕೆಯಲ್ಲಿ ರಾಜಕಾರಣಿಗಳ ಹೆಗಲಿಗೆ ಹಾಕಿ, ಫೋಟೋ ಆದ ಮೇಲೆ ಮೂಲೆಗೆ ಎಸೆಯುತ್ತಾರಲ್ಲ?

ಕಂಬಳಿ: ಅವರ್ಯಾರೂ ಚುಚ್ತೈತೆ ಅಂದಿಲ್ಲ.

ನಾನು: ಲೋಕಲ್ ಉಣ್ಣೆ ಸಿಗುವುದೇ ಕಷ್ಟ ಅಂತ ಇಲ್ಲಿನ ಡಿಸೈನರಮ್ಮ ಹೇಳುತ್ತಾರೆ.

ಕಂಬಳಿ: ಕತ್ತರಿಸಿದ ಕೂಲಿ ಹುಟ್ಟಲ್ಲ ಅಂತ ಕುರಿ ಸಾಕೋರು ಉಣ್ಣೇನ ಬೇಲಿಗೆ ಎಸೀತಾ ಅವ್ರೆ. ಉಣ್ಣೆ ಇಲ್ಲದ, ಮಾಂಸಕ್ಕೆ ಬರೋ ತಳಿ ಕಟ್ತಾ ಅವ್ರೆ. ತಪ್ಪು ಅನ್ನಕ್ಕಾಗಲ್ಲ, ಅವರ ಹೊಟ್ಟೆ. ಆದ್ರೆ ಕುರಿ ಯಾವುದಾದ್ರೂ ಮೇಯಬೇಕಲ್ಲ? ಅಮೃತಮಹಲ್ ಕಾವಲು ಅಂದ್ರೆ ಗೊತ್ತಾ ನಿಮಗೆ? ಅರಸರ ಕಾಲದಿಂದ ದನ, ಕುರಿ ಮೇಯ್ದ ಹುಲ್ಲು. 2009ರ ಸುಮಾರಿಗೆ ನಮ್ಮ ಚಳ್ಳಕೆರೆ ಕಡೆ ಅದರಾಗೆ ಒಂಬತ್ತು ಸಾವಿರ ಎಕರೆ ಮೇಲೆ ಡಿಆರ್‌ಡಿಓ, ಇಸ್ರೋ, ಭಾಭಾ ಅಣು ಕೇಂದ್ರ, ಬೆಂಗಳೂರಿನ ವಿಜ್ಞಾನ ಸಂಸ್ಥೆ ಅಂತ ಹಂಚಿದ್ರು. ಗೋಡೆ ಏಳೋವಾಗ ಊರೋರಿಗೆ ಗೊತ್ತಾಯ್ತು. ಈಗ ಒಳಗೆ ಪೈಲಟ್ ಇಲ್ಲದ ವಿಮಾನ ಹಾರಿಸಿ ನೋಡ್ತಾರೆ. ದೊಡ್ಡ ಉಳ್ಳಾರ್ತಿಯಾಗೆ ನೂಲು ತೆಗೆಯೋ ಅಜ್ಜೀನ ಒಬ್ಬ ಸಾಹೇಬನಾದ್ರೂ ‘ನಿನ್ನ ಕುರಿ ಎಲ್ಲಿ ಮೇಯ್ತವೆ’ ಅಂತ ಕೇಳಿದನಾ? ಆಗ ಯಾರಿಗೂ ಚುಚ್ಚಲಿಲ್ಲವಲ್ಲ ಸ್ವಾಮಿ!

(ಪ್ರಶ್ನೆಯ ಚೀಟಿ ಮಡಚಿದೆ. ಕಂಬಳಕ್ಕೆ ತಡೆ ಬಿದ್ದಾಗ ನಾವು ಬೀದಿಗಿಳಿದು ಕೂಗಿದೆವು. 2017ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು, 2023ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಕಾವಲಿನ ಬಗ್ಗೆ ನಾನು ಈವರೆಗೆ ಒಂದು ಸಾಲೂ ಬರೆದವನಲ್ಲ.)

ನಾನು: ಇನ್ನೇನಾದರೂ ಹೇಳಲಿಕ್ಕೆ ಉಂಟಾ?

ಕಂಬಳಿ: ಕನಕನ ಕಿಂಡಿ ಇಲ್ಲಿಂದ ಎಷ್ಟು ದೂರ? ದಾಸರ ಹೆಗಲ ಮೇಲಿದ್ದೋಳು ನಮ್ಮೋಳೇ.

ನಾನು: ಸಿಟಿ ಬಸ್ಸಿದೆ, ಬೇಗ ಮುಟ್ಟಬಹುದು. ಹಾಗೆಯೇ ಕಾರ್ಕಳದ ಕಡೆ ಹೊರಟರೆ ಮಿಯ್ಯಾರು ಕಂಬಳದ ಕರೆಯನ್ನೂ...

ಕಂಬಳಿ: ಮೊದಲು ಆ ಎ.ಸಿ. ಆರಿಸಕ್ಕೆ ಹೇಳಿ ಸ್ವಾಮಿ. ಚಳಿ ತಡೆಯಕ್ಕಾಗ್ತಿಲ್ಲ.